ವಿಯೆತ್ರಿಯ ಜರ್ಮನ್ ಕಲಾವಿದರು: ಕಡಲ ದಂಡೆಯಲ್ಲಿ ಮಣ್ಣು ಹಿಡಿದವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಟಲಿಯ ಅಮಾಲ್ಫಿ ಕರಾವಳಿಗೆ ಪ್ರವಾಸ ಹೋದವರು ಅಲ್ಲಿಂದ ತರುವ ವಸ್ತುಗಳಲ್ಲಿ ಬಣ್ಣ ಬಣ್ಣದ ಸೆರಾಮಿಕ್ ತಟ್ಟೆ, ಪುಟ್ಟ ಹಸಿರು ಕತ್ತೆ ಇದ್ದೇ ಇರುತ್ತವೆ. "ಸಾವಿರಾರು ವರ್ಷದ ಕಲೆ" ಅಂತ ಅಂಗಡಿಯವರು ಹೇಳಿರುತ್ತಾರೆ. ಮಣ್ಣಿನ ಕೆಲಸ ಹಳೆಯದು, ನಿಜ. ಆದರೆ ಆ ಕತ್ತೆಗೆ ಇನ್ನೂ ನೂರು ವರ್ಷದ ಆಸುಪಾಸು, ಅಷ್ಟೇ. ಅದರ ಹಿಂದೆ ಜರ್ಮನಿಯಿಂದ ಬಂದು ಕಡಲ ದಂಡೆಯಲ್ಲಿ ನೆಲೆಸಿದ ಕೆಲವು ಚಿತ್ರಕಾರರ ಕಥೆ ಇದೆ. ಅವರ ಬಗ್ಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದೆ.

ವಿಯೆತ್ರಿ ಎಲ್ಲಿದೆ?

ಪೂರ್ತಿ ಹೆಸರು ವಿಯೆತ್ರಿ ಸುಲ್ ಮಾರೆ. ದಕ್ಷಿಣ ಇಟಲಿಯ ಕಂಪಾನಿಯಾ ಪ್ರಾಂತ್ಯದಲ್ಲಿ, ಸಲೆರ್ನೋ ನಗರಕ್ಕೆ ಅಂಟಿಕೊಂಡಂತೆ ಇರುವ ಸಣ್ಣ ಊರು. ಸಲೆರ್ನೋ ಕಡೆಯಿಂದ ಬಂದರೆ ಅಮಾಲ್ಫಿ ಕರಾವಳಿ ಶುರುವಾಗುವುದೇ ಇಲ್ಲಿಂದ. ಊರು ಮೇಲೆ ಗುಡ್ಡದ ಮೇಲಿದೆ. ಕೆಳಗೆ ಸಮುದ್ರದ ಪಕ್ಕ ಮರೀನಾ ಎಂಬ ಕೇರಿ. ಅಲ್ಲಿ ನೀರಿನಿಂದ ಎದ್ದು ನಿಂತ ಎರಡು ಬಂಡೆಗಳನ್ನು "ಇಬ್ಬರು ಅಣ್ಣತಮ್ಮಂದಿರು" ಅಂತ ಕರೆಯುತ್ತಾರೆ. ಸುತ್ತ ಬೆಟ್ಟಗಳಲ್ಲಿ ರೈತೋ, ಅಲ್ಬೋರಿ, ಡ್ರಾಗೊನೇಯಾ ಎಂಬ ಪುಟ್ಟ ಹಳ್ಳಿಗಳು. ಮೆಟ್ಟಿಲು ಮೆಟ್ಟಿಲಾದ ಜಮೀನಿನಲ್ಲಿ ನಿಂಬೆ ತೋಟ. 1997ರಲ್ಲಿ ಯುನೆಸ್ಕೋ ಅಮಾಲ್ಫಿ ಕರಾವಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

"ಜರ್ಮನ್ ಕಾಲ" ಅಂದರೆ ಏನು?

ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರ ದಶಕದಲ್ಲಿ, ಜರ್ಮನ್ ಮಾತಾಡುವ ಕಲಾವಿದರು ಒಬ್ಬೊಬ್ಬರಾಗಿ ವಿಯೆತ್ರಿಗೆ ಬಂದರು. ರಿಚರ್ಡ್ ಡೋಲ್ಕರ್, ಗುಂಟರ್ ಸ್ಟೂಡೆಮನ್, ಲೀಸೆಲ್ ಒಪ್ಪೆನ್‌ಹೈಮರ್, ಬಾರ್ಬರಾ ಮಾರ್ಗರೆಟೆ ಥೆವಾಲ್ಟ್-ಹನಾಶ್, ಆಮೇಲೆ ಇರೆನೆ ಕೊವಾಲಿಸ್ಕಾ. ಜೊತೆಗೆ ಮಾಕ್ಸ್ ಮೆಲಾಮರ್ಸನ್ ಎಂಬ ಉದ್ಯಮಿ. ಇವರು ಊರಿನ ಕುಂಬಾರರ ಜೊತೆ ಕೆಲಸ ಮಾಡಿದ ಕಾಲವನ್ನು ಇಟಲಿಯ ಕಲಾ ಇತಿಹಾಸದಲ್ಲಿ "ಜರ್ಮನ್ ಕಾಲ" ಅಂತಲೇ ಕರೆಯುತ್ತಾರೆ. ಸಾಮಾನ್ಯವಾಗಿ 1920ರ ದಶಕದಿಂದ 1947ರವರೆಗಿನ ಅವಧಿ ಅಂತ ಲೆಕ್ಕ.

ಎಲ್ಲರೂ ಜರ್ಮನಿಯವರೇನಲ್ಲ. ಕೊವಾಲಿಸ್ಕಾ ಹುಟ್ಟಿದ್ದು ವಾರ್ಸಾದಲ್ಲಿ, ಓದಿದ್ದು ವಿಯೆನ್ನಾದಲ್ಲಿ. ಉತ್ತರದಿಂದ ಬಂದು ಜರ್ಮನ್ ಮಾತಾಡಿದವರನ್ನೆಲ್ಲ ಊರಿನವರು ಒಂದೇ ಗುಂಪಿಗೆ ಸೇರಿಸಿದರು. ಆ ಹೆಸರೇ ಉಳಿದುಕೊಂಡಿತು.

ರಿಚರ್ಡ್ ಡೋಲ್ಕರ್ ಯಾರು?

ಈ ಗುಂಪಿನಲ್ಲಿ ಜಾಸ್ತಿ ನೆನಪಿರುವ ಹೆಸರು ಇವರದೇ. 1896ರಲ್ಲಿ ಹುಟ್ಟಿ 1955ರಲ್ಲಿ ತೀರಿಕೊಂಡರು. ಇಟಲಿಯವರು ಇವರನ್ನು ರಿಕಾರ್ಡೋ ಅಂತ ತಮ್ಮವರನ್ನಾಗಿ ಮಾಡಿಕೊಂಡರು. ಚಿತ್ರ ಬರೆಯುತ್ತಿದ್ದರು. ಮೇಣ ಹಚ್ಚಿ ಬಟ್ಟೆಗೆ ಬಣ್ಣ ಹಾಕುವ ಬಾಟಿಕ್ ಕೆಲಸವೂ ಗೊತ್ತಿತ್ತು. ವಿಯೆತ್ರಿಗೆ ಬಂದ ಮೇಲೆ ಮಣ್ಣಿನ ತಟ್ಟೆ, ಹೂಜಿ, ಟೈಲ್‌ಗಳ ಮೇಲೆ ಬರೆಯತೊಡಗಿದರು. ಮಣ್ಣಿನಲ್ಲಿ ಪುಟ್ಟ ಪ್ರಾಣಿಗಳನ್ನೂ ಮಾಡಿದರು.

ಬಾಟಿಕ್ ಗೊತ್ತಿದ್ದವರ ಕೈ ಬೇರೆಯೇ ಥರ ಓಡುತ್ತದೆ. ಅಲ್ಲಿ ಬಣ್ಣ ಕಡಿಮೆ, ಗೆರೆ ಸ್ಪಷ್ಟ, ಒಂದು ಆಕಾರಕ್ಕೂ ಇನ್ನೊಂದಕ್ಕೂ ನಡುವೆ ಖಾಲಿ ಜಾಗ ಬಿಡಲೇಬೇಕು. ಡೋಲ್ಕರ್ ಕಾಲದ ತಟ್ಟೆಗಳಲ್ಲಿ ನನಗೆ ಕಾಣುವುದೂ ಅದೇ. ಬಿಳಿ ಹಿನ್ನೆಲೆ, ಅದರ ಮೇಲೆ ಅಲ್ಲೊಂದು ಇಲ್ಲೊಂದು ತೇಲುವಂತೆ ಆಡು, ಮೀನು, ದೋಣಿ, ಕೊಡ ಹೊತ್ತ ಹೆಂಗಸು. ದೂರ ಹತ್ತಿರದ ಲೆಕ್ಕ ಇಲ್ಲ. ನೆರಳು ಬೆಳಕಿನ ಆಟವೂ ಇಲ್ಲ. ಮಕ್ಕಳು ಬರೆದ ಹಾಗಿದೆ ಅನ್ನಿಸುತ್ತದೆ. ಆದರೆ ಯಾವ ಗೆರೆಯನ್ನೂ ತೆಗೆಯೋಕೆ ಆಗಲ್ಲ.

ಡೋಲ್ಕರ್ ಇಲ್ಲೇ ಕೊನೆತನಕ ಇರಲಿಲ್ಲ, ಜರ್ಮನಿಗೆ ಮರಳಿದರು. ಊರಿನಲ್ಲಿ ಅವರು ಕಳೆದದ್ದು ಕೆಲವೇ ವರ್ಷ. ಅಷ್ಟರಲ್ಲೇ ಊರಿನ ಮುಖ ಬದಲಾಯಿತು.

ಈ ಕಲಾವಿದರು ಇಷ್ಟು ದೂರ ಯಾಕೆ ಬಂದರು?

ಕಾರಣ ಒಂದಲ್ಲ. ಮೊದಲನೆಯದು ಯುದ್ಧ. ಇವರಲ್ಲಿ ಹಲವರು ಯುದ್ಧದ ತಲೆಮಾರಿನವರು. 1918ರಲ್ಲಿ ಸೋತ ಜರ್ಮನಿಯಲ್ಲಿ ಊರು, ಕೆಲಸ, ನಂಬಿಕೆ ಎಲ್ಲ ಅಲ್ಲಾಡಿಹೋಗಿತ್ತು. ಎರಡನೆಯದು ದುಡ್ಡು. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4 ಲಕ್ಷ ಕೋಟಿಗಿಂತ ಜಾಸ್ತಿ ಮಾರ್ಕ್ ಕೊಡಬೇಕಿತ್ತು. ಆ ತಿಂಗಳು ರೆಂಟನ್‌ಮಾರ್ಕ್ ಎಂಬ ಹೊಸ ನಾಣ್ಯ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಸ್ಥಿರವಾದ ದುಡ್ಡು ಕೈಗೆ ಬಂದ ಜರ್ಮನ್ನರಿಗೆ ದಕ್ಷಿಣ ಇಟಲಿಯ ಬದುಕು ಅಗ್ಗವಾಗಿ ಕಂಡಿತು.

ಮೂರನೆಯದು ಹಳೆಯ ಹುಚ್ಚು. ಜರ್ಮನ್ ಬರಹಗಾರರಿಗೆ, ಚಿತ್ರಕಾರರಿಗೆ ಇಟಲಿಯ ದಕ್ಷಿಣ ಅಂದರೆ ಕವಿ ಗಯಟೆ ಕಾಲದಿಂದಲೂ ಸೆಳೆತ. 1924ರಲ್ಲಿ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಕಾಪ್ರಿ ದ್ವೀಪದಲ್ಲಿದ್ದರು. ಪಕ್ಕದ ಪೊಸಿಟಾನೋದಲ್ಲೂ ಜರ್ಮನ್, ರಷ್ಯನ್ ಕಲಾವಿದರ ಗುಂಪುಗಳಿದ್ದವು. ಆದರೆ ಕಾಪ್ರಿಗೆ ಹೋದವರು ಬಹುಪಾಲು ನೋಡಿದರು, ಬರೆದರು, ಹೊರಟರು. ವಿಯೆತ್ರಿಗೆ ಬಂದವರಿಗೆ ಕೈಗೆ ಕೆಲಸ ಸಿಕ್ಕಿತು. ದೊಡ್ಡ ವ್ಯತ್ಯಾಸ ಇದೇ ಅಂತ ನನ್ನ ಅನಿಸಿಕೆ.

ಅವರು ಬರುವ ಮುಂಚೆ ಅಲ್ಲಿ ಸೆರಾಮಿಕ್ ಇರಲಿಲ್ಲವೇ?

ಇತ್ತು, ಚೆನ್ನಾಗಿಯೇ ಇತ್ತು. ಕನಿಷ್ಠ 15ನೇ ಶತಮಾನದಿಂದಲೂ ವಿಯೆತ್ರಿ ಕುಂಬಾರರ ಊರು. ಅಡುಗೆ ಪಾತ್ರೆ, ಎಣ್ಣೆ ಜಾಡಿ, ನೀರಿನ ಹೂಜಿ, ನೆಲಕ್ಕೆ ಹಾಕುವ ಬಣ್ಣದ ಟೈಲ್‌ಗಳು ಇಲ್ಲಿ ತಯಾರಾಗುತ್ತಿದ್ದವು. ನೇಪಲ್ಸ್ ಸೀಮೆಯ ಜನ ಈ ಟೈಲ್‌ಗಳನ್ನು ರಿಜ್ಜೋಲೆ ಅನ್ನುತ್ತಾರೆ. ಊರಿನ ಸಂತ ಜೊವಾನ್ನಿ ಬತ್ತಿಸ್ತಾ ಚರ್ಚಿನ ಗುಮ್ಮಟವೇ ಹಸಿರು, ಹಳದಿ, ನೀಲಿ ಟೈಲ್‌ಗಳಿಂದ ಹೊಳೆಯುತ್ತದೆ.

ಈ ಕೆಲಸಕ್ಕೆ ಜಾಗವೂ ಅನುಕೂಲವಾಗಿತ್ತು. ಸಲೆರ್ನೋ ಮೇಲಿನ ಓಲ್ಯಾರಾ ಗುಡ್ಡಗಳಲ್ಲಿ ಜೇಡಿಮಣ್ಣು. ಕಣಿವೆಯಲ್ಲಿ ನೀರು. ಬೆಟ್ಟದಲ್ಲಿ ಸೌದೆ. ಕೆಳಗೆ ದಡದಲ್ಲಿ ಸರಕು ತುಂಬಿಸಲು ದೋಣಿ. ಕುಂಬಾರರಿಗೆ ಇನ್ನೇನು ಬೇಕು?

ಇಲ್ಲದಿದ್ದದ್ದು ಒಂದೇ. ಇದನ್ನು ಯಾರೂ "ಕಲೆ" ಅಂತ ನೋಡುತ್ತಿರಲಿಲ್ಲ. ಕಾರ್ಖಾನೆಯ ಅಗ್ಗದ ಪಾತ್ರೆ ಬಂದಂತೆ ಮನೆಬಳಕೆಯ ಮಣ್ಣಿನ ಪಾತ್ರೆಗೆ ಬೇಡಿಕೆ ಕುಸಿಯುವ ಅಪಾಯ ಇತ್ತು. ಜರ್ಮನ್ನರು ಬಂದದ್ದು ಅಂಥ ಹೊತ್ತಿನಲ್ಲಿ.

ಚಿತ್ರಕಾರರಿಗೆ ಕುಂಬಾರಿಕೆ ಹೇಗೆ ಬಂತು?

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹಲವರಿಗೆ ಪೂರ್ತಿ ಬರಲೇ ಇಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ. ತಿಗುರಿ ತಿರುಗಿಸಿ ಹೂಜಿ ಎತ್ತುವವರು ಊರಿನವರೇ. ಆ ಕೈಚಳಕ ಬರಲು ವರ್ಷಗಟ್ಟಲೆ ಬೇಕು. ಆವಿಗೆ (ಮಡಕೆ ಸುಡುವ ಗೂಡು) ತುಂಬುವವರು, ಸೌದೆ ಹಾಕುವವರು, ಬೆಂಕಿಯ ಬಣ್ಣ ನೋಡಿ "ಸಾಕು" ಅನ್ನುವವರು ಎಲ್ಲ ಅಪ್ಪ ಅಜ್ಜನ ಕಾಲದಿಂದ ಅದನ್ನೇ ಮಾಡಿಕೊಂಡು ಬಂದವರು. ಹೊರಗಿನಿಂದ ಬಂದವರು ಅವರ ಪಕ್ಕ ಕೂತು ಬಣ್ಣ ಹಚ್ಚಿದರು, ಹೊಸ ಆಕಾರ ಕೇಳಿದರು, "ಹೀಗೆ ಮಾಡಿದರೆ?" ಅಂತ ಕೆಣಕಿದರು.

ಆದ್ದರಿಂದ "ಜರ್ಮನ್ನರು ವಿಯೆತ್ರಿಗೆ ಸೆರಾಮಿಕ್ ಕಲಿಸಿದರು" ಅಂತ ಯಾರಾದರೂ ಬರೆದರೆ ನಂಬಬೇಡಿ. ಮಣ್ಣು, ಬೆಂಕಿ, ಗ್ಲೇಜ್ (ಗಾಜಿನಂಥ ಲೇಪ) ಬಗ್ಗೆ ಕಲಿಸಿದ್ದು ವಿಯೆತ್ರಿಯವರು. ಕಲಿತವರು ಜರ್ಮನ್ನರು. ಅವರು ತಂದದ್ದು ಬೇರೆ ಕಣ್ಣು. ಊರಿನವರು ದಿನಾ ನೋಡಿ ಸಾಕಾಗಿದ್ದ ಕತ್ತೆ, ಬಲೆ, ಹಬ್ಬದ ಮೆರವಣಿಗೆ ಇವರಿಗೆ ಚಿತ್ರವಾಗಿ ಕಂಡಿತು.

ತಟ್ಟೆಯ ಹಿಂದೆ ಚಿತ್ರಕಾರರ ಸಹಿ ಇರುತ್ತದೆ. ತಟ್ಟೆ ಎತ್ತಿದವರ ಹೆಸರು ಇರುವುದಿಲ್ಲ. ಮ್ಯೂಸಿಯಂಗಳಲ್ಲೂ ಅದೇ ಕಥೆ. ಈ ಅನ್ಯಾಯ ವಿಯೆತ್ರಿಯದು ಮಾತ್ರ ಅಲ್ಲ ಬಿಡಿ.

ಮಯೋಲಿಕಾ ಕೆಲಸ ಹೇಗೆ ನಡೆಯುತ್ತದೆ?

ವಿಯೆತ್ರಿಯ ಮುಖ್ಯ ವಿಧಾನ ಮಯೋಲಿಕಾ. ಮೊದಲು ಕೆಂಪು ಜೇಡಿಮಣ್ಣಿನ ತಟ್ಟೆ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಆತುರಪಟ್ಟರೆ ಬಿರುಕು. ಆಮೇಲೆ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮೊದಲ ಸುಡು. ಈಗ ತಟ್ಟೆ ಗಟ್ಟಿ, ಆದರೆ ನೀರು ಹೀರುತ್ತದೆ.

ಇದನ್ನು ಬಿಳಿ ಗ್ಲೇಜಿನಲ್ಲಿ ಅದ್ದುತ್ತಾರೆ. ಗ್ಲೇಜ್ ಅಂದರೆ ಗಾಜಿನ ಪುಡಿಯನ್ನು ನೀರಿನಲ್ಲಿ ಕಲಸಿದ ಲೇಪ. ಅದು ಬೆಳ್ಳಗೆ ಕಾಣುವುದು ಅದರಲ್ಲಿರುವ ತವರದ ಆಕ್ಸೈಡಿನಿಂದ. ಹಳೇ ಕಾಲದಲ್ಲಿ ಸೀಸವನ್ನೂ ಬೆರೆಸುತ್ತಿದ್ದರು. ಅದ್ದಿ ತೆಗೆದ ಕೂಡಲೇ ನೀರನ್ನು ತಟ್ಟೆ ಕುಡಿದುಬಿಡುತ್ತದೆ, ಮೇಲೆ ಬಿಳಿ ಪುಡಿಯ ಪದರ ನಿಲ್ಲುತ್ತದೆ.

ಚಿತ್ರ ಬರೆಯುವುದು ಈ ಸುಡದ ಪದರದ ಮೇಲೆ. ಎಲ್ಲ ಕಷ್ಟ ಇರುವುದೂ ಇಲ್ಲೇ. ಕುಂಚ ಇಟ್ಟ ಕ್ಷಣದಲ್ಲೇ ಬಣ್ಣ ಒಳಗೆ ಹೋಗುತ್ತದೆ. ಒರೆಸೋಕೆ ಆಗಲ್ಲ, ತಿದ್ದೋಕೂ ಆಗಲ್ಲ. ಒಂದು ಕ್ಷಣ ಕೈ ನಿಂತರೆ ಅಲ್ಲೇ ಮಚ್ಚೆ. ಕ್ಯಾನ್ವಾಸಿನ ಮೇಲೆ ಬರೆದು, ಕೆರೆದು, ಮತ್ತೆ ಬರೆಯುವ ಅಭ್ಯಾಸ ಇದ್ದ ಚಿತ್ರಕಾರರಿಗೆ ಇದು ಹೊಸ ಪಾಠ ಆಗಿರಲೇಬೇಕು.

ಇನ್ನೊಂದು ತೊಡಕು: ಹಚ್ಚುವಾಗ ಕಾಣುವ ಬಣ್ಣವೇ ಬೇರೆ, ಸುಟ್ಟ ಮೇಲೆ ಬರುವ ಬಣ್ಣವೇ ಬೇರೆ. ಬಣ್ಣಗಳೆಲ್ಲ ಲೋಹದ ಆಕ್ಸೈಡುಗಳು. ತಾಮ್ರದಿಂದ ಹಸಿರು, ಕೋಬಾಲ್ಟಿನಿಂದ ನೀಲಿ, ಆಂಟಿಮನಿಯಿಂದ ಹಳದಿ, ಮ್ಯಾಂಗನೀಸಿನಿಂದ ನೇರಳೆ ಮಿಶ್ರಿತ ಕಂದು, ಕಬ್ಬಿಣದಿಂದ ತುಕ್ಕಿನ ಬಣ್ಣ. ವಿಯೆತ್ರಿಯ ಹೆಸರಾಂತ ತಾಮ್ರದ ಹಸಿರನ್ನು ಅಲ್ಲಿನವರು ರಮೀನಾ ಅನ್ನುತ್ತಾರೆ. ಕೊನೆಗೆ 900 ಡಿಗ್ರಿ ದಾಟಿದ ಎರಡನೇ ಸುಡು. ಬಿಳಿ ಪುಡಿ ಕರಗಿ ಗಾಜಾಗುತ್ತದೆ. ಬಣ್ಣ ಅದರೊಳಗೇ ಸಿಕ್ಕಿಕೊಳ್ಳುತ್ತದೆ.

ಸೌದೆ ಆವಿಗೆಯಲ್ಲಿ ಉರಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಂದು ಮೂಲೆಯ ತಟ್ಟೆ ಚೆನ್ನಾಗಿ ಬಂದರೆ ಇನ್ನೊಂದು ಮೂಲೆಯದರ ಬಣ್ಣ ಹರಿದು ಹೋಗಿರುತ್ತದೆ. ಬಾಗಿಲು ತೆಗೆಯುವವರೆಗೆ ಏನೂ ಹೇಳೋಕೆ ಆಗಲ್ಲ.

ಒಂದೇ ಚಿತ್ರ ಹತ್ತಾರು ತಟ್ಟೆಗಳ ಮೇಲೆ ಹೇಗೆ ಬರುತ್ತದೆ?

ಕಾಗದದ ಮೇಲೆ ಚಿತ್ರ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡುತ್ತಾರೆ. ಅದನ್ನು ತಟ್ಟೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಗೆರೆ ಮೂಡುತ್ತದೆ. ನಮ್ಮ ತೂತಿನ ರಂಗೋಲಿ ಅಚ್ಚಿನ ಹಾಗೆಯೇ. ಇದ್ದಿಲು ಆವಿಗೆಯಲ್ಲಿ ಸುಟ್ಟು ಹೋಗುತ್ತದೆ. ಚುಕ್ಕಿಗಳ ಮೇಲೆ ಕುಂಚ ಓಡಿಸುವುದು ಮಾತ್ರ ಕೈಯಿಂದಲೇ. ಹಾಗಾಗಿ ಎರಡು ತಟ್ಟೆ ಪೂರ್ತಿ ಒಂದೇ ಥರ ಇರುವುದಿಲ್ಲ.

ಕತ್ತೆಯೇ ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಅಮಾಲ್ಫಿ ಕರಾವಳಿಯಲ್ಲಿ ಸಮತಟ್ಟು ಜಾಗ ಇಲ್ಲವೇ ಇಲ್ಲ ಅನ್ನಬಹುದು. ಮನೆಯಿಂದ ತೋಟಕ್ಕೆ, ತೋಟದಿಂದ ದಡಕ್ಕೆ ಎಲ್ಲ ಮೆಟ್ಟಿಲು. ಗಾಡಿ ಹೋಗಲ್ಲ. ನಿಂಬೆಹಣ್ಣು, ಸೌದೆ, ಮಣ್ಣು, ನೀರು ಎಲ್ಲ ಹೊರಬೇಕಾದದ್ದು ಮನುಷ್ಯರು, ಇಲ್ಲವೇ ಕತ್ತೆ. ಕುಂಬಾರಿಕೆಯಂಥ ಭಾರದ ಕಸುಬಿಗೆ ಕತ್ತೆ ಇಲ್ಲದೆ ನಡೆಯುತ್ತಲೇ ಇರಲಿಲ್ಲ.

ಊರಿನವರಿಗೆ ಅದು ದುಡಿಯುವ ಪ್ರಾಣಿ. ಅದರ ಚಿತ್ರ ಯಾಕೆ ಬರೆಯಬೇಕು ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ. ಡೋಲ್ಕರ್ ಅದನ್ನು ಚಿತ್ರವಾಗಿಯೂ, ಪುಟ್ಟ ಮಣ್ಣಿನ ಬೊಂಬೆಯಾಗಿಯೂ ಮಾಡಿದರು. ಎರಡು ಕಿವಿ, ನಾಲ್ಕು ಕಡ್ಡಿಯಂಥ ಕಾಲು, ತಗ್ಗಿಸಿದ ತಲೆ, ಅಷ್ಟೇ. ಮೊದಲು ಜರ್ಮನ್ನರು ಕೊಂಡರು. ಆಮೇಲೆ ಇಟಲಿಯವರು ಕೊಂಡರು. ಈಗ ಅದು ಊರಿನ ಲಾಂಛನ. ಅಂಗಡಿ ಬೋರ್ಡಿನಲ್ಲೂ ಕತ್ತೆ, ಕೀಚೈನಿನಲ್ಲೂ ಕತ್ತೆ.

ಮೊದಮೊದಲಿನ ಕತ್ತೆಗಳಲ್ಲಿ ಒಂದು ದಣಿವು ಕಾಣುತ್ತದೆ. ಈಗಿನ ಅಂಗಡಿ ಕತ್ತೆಗಳು ಸುಮ್ನೆ ನಗುತ್ತಿರುತ್ತವೆ. ಮಾರಾಟಕ್ಕೆ ನಗು ಬೇಕು, ಏನು ಮಾಡೋದು.

ಮೆಲಾಮರ್ಸನ್ ಮತ್ತು ಐಸಿಎಸ್ ಬಗ್ಗೆ ಹೇಳಿ.

ಮಾಕ್ಸ್ ಮೆಲಾಮರ್ಸನ್ ಜರ್ಮನಿಯಿಂದ ಬಂದ ಯಹೂದಿ ಉದ್ಯಮಿ. 1920ರ ದಶಕದ ಕೊನೆಭಾಗದಲ್ಲಿ ಮರೀನಾದಲ್ಲಿ ಇಂಡುಸ್ತ್ರಿಯಾ ಚೆರಾಮಿಕಾ ಸಲೆರ್ನಿತಾನಾ ಎಂಬ ಕಾರ್ಖಾನೆ ಶುರು ಮಾಡಿದರು. ಎಲ್ಲರೂ ಐಸಿಎಸ್ ಅಂತ ಕರೆದರು. ಕಲಾವಿದರು ಒಂದೊಂದು ತಟ್ಟೆ ಬರೆದುಕೊಂಡು ಕೂತಿದ್ದರೆ ಈ ಶೈಲಿ ಒಂದು ಸಣ್ಣ ಗುಂಪಿನ ಹವ್ಯಾಸವಾಗಿಯೇ ಉಳಿಯುತ್ತಿತ್ತು. ಅದು ಊರಿನ ತುಂಬ ಹಬ್ಬಲು ಒಂದು ಕಾರ್ಖಾನೆ, ದಿನಗೂಲಿ, ಹೊರದೇಶದ ಗಿರಾಕಿ ಬೇಕಿತ್ತು. ಐಸಿಎಸ್ ಆ ಕೆಲಸ ಮಾಡಿತು. ಊರಿನ ಹುಡುಗರು ಅಲ್ಲಿ ಕುಂಚ ಹಿಡಿಯಲು ಕಲಿತರು. ಕಲಾವಿದರ ಹೆಸರಿನ ಪಕ್ಕದಲ್ಲಿ ವ್ಯಾಪಾರಿಯ ಹೆಸರು ಬರೆಯಲು ನಾವು ಹಿಂಜರಿಯುತ್ತೇವೆ. ಇಲ್ಲಿ ಹಾಗೆ ಮಾಡುವುದು ತಪ್ಪು.

ಅದೇ ಹೊತ್ತಿಗೆ ಜರ್ಮನಿಯಲ್ಲಿ ಬೌಹೌಸ್ ಎಂಬ ಕಲಾ ಶಾಲೆ ಇತ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಕಾಲ ಒಂದೇ, ದಾರಿ ಬೇರೆ. ಬೌಹೌಸ್ ಶಾಲೆಯ ಕುಂಬಾರಿಕೆ ವಿಭಾಗ ವೈಮಾರ್ ಹತ್ತಿರದ ಡೋರ್ನ್‌ಬುರ್ಗಿನಲ್ಲಿ 1920ರಿಂದ 1925ರವರೆಗೆ ನಡೆಯಿತು. ಶಿಲ್ಪಿ ಗೆರ್ಹಾರ್ಡ್ ಮಾರ್ಕ್ಸ್ ಆಕಾರ ಕಲಿಸಿದರು. ಅಲ್ಲಿನ ಹಳೇ ಕುಂಬಾರ ಮಾಕ್ಸ್ ಕ್ರೆಹಾನ್ ಕಸುಬು ಕಲಿಸಿದರು. ಅಲ್ಲಿಂದ ಓಟೋ ಲಿಂಡಿಗ್, ಥಿಯೋಡರ್ ಬೋಗ್ಲರ್, ಮಾರ್ಗರೀಟೆ ಫ್ರೀಡ್‌ಲೆಂಡರ್ ಅಂಥವರು ಬಂದರು. ಅವರಿಗೆ ಮುಖ್ಯ ಆಕಾರ. ಚಿತ್ರ, ಅಲಂಕಾರ ಕಡಿಮೆ. ಒಂದು ಅಚ್ಚು ಮಾಡಿ ಕಾರ್ಖಾನೆಯಲ್ಲಿ ಸಾವಿರಾರು ತೆಗೆಯಬಹುದೇ ಎಂಬ ಯೋಚನೆ.

ವಿಯೆತ್ರಿಯಲ್ಲಿ ತಿರುಗುಮುರುಗು. ಆಕಾರ ಊರಿನ ಹಳೇ ಆಕಾರವೇ ಇರಲಿ, ಮೇಲೆ ಕಥೆ ಬರಲಿ. ಆದರೆ ಒಂದು ವಿಷಯ ಎರಡೂ ಕಡೆ ಒಂದೇ: ಓದಿದ ಕಲಾವಿದರು ಹಳ್ಳಿಯ ಕುಂಬಾರರ ಪಕ್ಕ ಕೂತು ಕಲಿತರು. ಯುದ್ಧದ ನಂತರದ ಆ ತಲೆಮಾರಿಗೆ ಕೈಕೆಲಸದ ಮೇಲೆ ದೊಡ್ಡ ನಂಬಿಕೆ ಇತ್ತು.

ಜರ್ಮನಿಯ ಸ್ವಂತ ಕಡಲ ತೀರದಲ್ಲಿ ಇಂಥ ಊರು ಇರಲಿಲ್ಲವೇ?

ಇತ್ತು. ಬಾಲ್ಟಿಕ್ ತೀರದ ಆರೆನ್ಸ್‌ಹೂಪ್ 1890ರ ದಶಕದಿಂದ ಚಿತ್ರಕಾರರ ಊರು. ಆಮೇಲೆ ಅಲ್ಲೂ ಸೆರಾಮಿಕ್ ಕೆಲಸ ಬೇರು ಬಿಟ್ಟಿತು. ಅದು ಬೇರೆಯೇ ಕಥೆ.

ಇರೆನೆ ಕೊವಾಲಿಸ್ಕಾ ಬಗ್ಗೆ ಯಾಕೆ ಅಷ್ಟು ಮಾತು?

ಕೊವಾಲಿಸ್ಕಾ 1905ರಲ್ಲಿ ಹುಟ್ಟಿದರು, 1991ರಲ್ಲಿ ತೀರಿಕೊಂಡರು. ವಿಯೆತ್ರಿಗೆ ಬಂದದ್ದು 1930ರ ದಶಕದ ಶುರುವಿನಲ್ಲಿ. ಡೋಲ್ಕರ್ ಗೆರೆಯಲ್ಲಿ ತುಂಟತನ ಇದ್ದರೆ ಇವರ ಗೆರೆಯಲ್ಲಿ ನಿಧಾನ ಇದೆ. ಹೆಂಗಸರು, ತಾಯಿ ಮಗು, ಜೊತೆಯಲ್ಲಿ ನಿಂತ ಗಂಡು ಹೆಣ್ಣು, ಪಕ್ಕದಲ್ಲೊಂದು ಪ್ರಾಣಿ. ಮುಖದಲ್ಲಿ ಏನೂ ನಾಟಕ ಇಲ್ಲ. ಈ ಗುಂಪಿನಲ್ಲಿ ನನಗೆ ಜಾಸ್ತಿ ಇಷ್ಟ ಇವರೇ.

ಇವರು ಬಾಳು ಹಂಚಿಕೊಂಡದ್ದು ಜರ್ಮನ್ ಬರಹಗಾರ ಆರ್ಮಿನ್ ವೆಗ್ನರ್ ಜೊತೆ. ವೆಗ್ನರ್ ಸಾಮಾನ್ಯ ಮನುಷ್ಯ ಅಲ್ಲ. ಮೊದಲ ಮಹಾಯುದ್ಧದಲ್ಲಿ ಆಟೊಮನ್ ತುರ್ಕಿಯಲ್ಲಿ ವೈದ್ಯಕೀಯ ಸೇವೆಯಲ್ಲಿದ್ದಾಗ ಆರ್ಮೇನಿಯನ್ನರ ಮೇಲೆ ನಡೆದ ಕ್ರೌರ್ಯದ ಫೋಟೋ ತೆಗೆದರು. ತೆಗೆಯಬಾರದು ಎಂಬ ಆಜ್ಞೆ ಇದ್ದರೂ ತೆಗೆದರು. 1933ರಲ್ಲಿ ಯಹೂದಿಗಳ ಮೇಲಿನ ದಬ್ಬಾಳಿಕೆ ನಿಲ್ಲಿಸಿ ಅಂತ ನೇರವಾಗಿ ಹಿಟ್ಲರನಿಗೇ ಪತ್ರ ಬರೆದರು. ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಪೋ ಹಿಡಿದು ಹಿಂಸಿಸಿತು, ಸೆರೆಶಿಬಿರಗಳಲ್ಲಿ ಇಟ್ಟಿತು. ಬಿಡುಗಡೆಯಾದ ಮೇಲೆ ದೇಶ ಬಿಟ್ಟು ಇಟಲಿಗೆ ಬಂದರು. ಇಬ್ಬರೂ ಪೊಸಿಟಾನೋದಲ್ಲಿ, ಆಮೇಲೆ ರೋಮಿನಲ್ಲಿ ಇದ್ದರು. ಸ್ಟ್ರೊಂಬೊಲಿ ದ್ವೀಪದಲ್ಲೂ ಅವರಿಗೆ ಮನೆ ಇತ್ತು. ವೆಗ್ನರ್ 1978ರಲ್ಲಿ ತೀರಿಕೊಂಡರು.

ಪೊಸಿಟಾನೋಗೆ ಹೋದ ಮೇಲೆ ಕೊವಾಲಿಸ್ಕಾ ಬಟ್ಟೆಯ ಮೇಲೆ ಚಿತ್ರ ಅಚ್ಚು ಹಾಕತೊಡಗಿದರು. ತಟ್ಟೆಯ ಮೇಲಿದ್ದ ಅದೇ ಹೆಂಗಸರು, ಅದೇ ಪ್ರಾಣಿಗಳು ಬಟ್ಟೆಗೆ ಇಳಿದವು. ಆವಿಗೆ, ಸೌದೆ, ಕಾರ್ಖಾನೆ ಇಲ್ಲದ ಕಡೆ ಕೈ ಸುಮ್ಮನೆ ಇರಬೇಕಾಗಿಲ್ಲ ಅಲ್ವಾ?

ಫ್ಯಾಸಿಸ್ಟ್ ಸರ್ಕಾರ ಇದ್ದಾಗ ಇವರಿಗೆ ತೊಂದರೆ ಆಗಲಿಲ್ಲವೇ?

ಈ ಕಥೆಯನ್ನು ಬರೀ ನಿಂಬೆ ತೋಟ, ನೀಲಿ ಸಮುದ್ರ ಅಂತ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. ಮುಸೊಲಿನಿ 1922ರಲ್ಲೇ ಅಧಿಕಾರಕ್ಕೆ ಬಂದಿದ್ದ. ಅಂದರೆ ಇವರ ಕಾಲ ಹೆಚ್ಚುಕಡಿಮೆ ಪೂರ್ತಿ ಅವನ ಆಳ್ವಿಕೆಯಲ್ಲೇ ಕಳೆಯಿತು. ಶುರುವಿನಲ್ಲಿ ಕಲಾವಿದರನ್ನು ಯಾರೂ ಜಾಸ್ತಿ ಕೆದಕಲಿಲ್ಲ. ಹಳ್ಳಿಯ ಬದುಕನ್ನು ಹೊಗಳುವ ಚಿತ್ರಗಳು ಸರ್ಕಾರಕ್ಕೂ ಅಡ್ಡ ಬರುವಂಥವಲ್ಲ.

1938ರಲ್ಲಿ ಎಲ್ಲ ಬದಲಾಯಿತು. ಆ ಸೆಪ್ಟೆಂಬರಿನಲ್ಲಿ ಜನಾಂಗೀಯ ಕಾನೂನುಗಳು ಬಂದವು. 1919ರ ಜನವರಿ ನಂತರ ಇಟಲಿಗೆ ಬಂದ ವಿದೇಶಿ ಯಹೂದಿಗಳು ದೇಶ ಬಿಡಬೇಕು ಅಂತ ಆಜ್ಞೆ ಆಯಿತು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕೆ ಇಳಿದ ಮೇಲೆ ಉಳಿದವರನ್ನು ಹಿಡಿದು ಶಿಬಿರಗಳಿಗೆ ಹಾಕಿದರು. ಅಂಥ ಒಂದು ಶಿಬಿರ ಇದೇ ಸಲೆರ್ನೋ ಜಿಲ್ಲೆಯ ಕಂಪಾನ್ಯಾ ಎಂಬ ಊರಿನಲ್ಲಿತ್ತು. ಉತ್ತರದಿಂದ ಬಂದವರ ಗುಂಪು ಒಡೆದು ಚೂರಾಯಿತು. ಕೆಲವರು ಮೊದಲೇ ಹೊರಟಿದ್ದರು. ಉಳಿದವರಿಗೆ ನೆಮ್ಮದಿ ಇರಲಿಲ್ಲ.

1943ರಲ್ಲಿ ಏನಾಯಿತು?

ಯುದ್ಧ ನೇರವಾಗಿ ಊರಿಗೇ ಬಂತು. 1943ರ ಸೆಪ್ಟೆಂಬರ್ 9ರಂದು ಮಿತ್ರಪಡೆಗಳು ಸಲೆರ್ನೋ ಕೊಲ್ಲಿಯಲ್ಲಿ ಇಳಿದವು. ಬ್ರಿಟಿಷ್ ಕಮಾಂಡೋಗಳು ಇಳಿದದ್ದು ವಿಯೆತ್ರಿಯ ಮರೀನಾದಲ್ಲೇ. ಅಮೆರಿಕದ ರೇಂಜರ್‌ಗಳು ಪಕ್ಕದ ಮಯೋರಿಯಲ್ಲಿ. ಜರ್ಮನ್ ಸೈನ್ಯದ ಜೊತೆ ಗುಡ್ಡಗಳಲ್ಲಿ ದಿನಗಟ್ಟಲೆ ಕಾದಾಟ ನಡೆಯಿತು. 1944ರ ಫೆಬ್ರವರಿಯಿಂದ ಕೆಲ ತಿಂಗಳು ಸಲೆರ್ನೋ ಇಟಲಿ ಸರ್ಕಾರದ ಕೇಂದ್ರವಾಗಿತ್ತು. ರಾಜ ಮೂರನೇ ವಿಟ್ಟೋರಿಯೊ ಎಮಾನುಯೆಲೆ ಉಳಿದುಕೊಂಡದ್ದು ರೈತೋದ ವಿಲ್ಲಾ ಗ್ವಾರಿಲ್ಯಾದಲ್ಲಿ. ಆ ಮನೆಯ ಹೆಸರು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜರ್ಮನ್ ಕಲಾವಿದರು ಹೋದ ಮೇಲೆ ಕೆಲಸ ನಿಂತುಹೋಯಿತೇ?

ಇಲ್ಲ. ಇಷ್ಟೊತ್ತಿಗೆ ಊರಿನವರೇ ಕಲಾವಿದರಾಗಿದ್ದರು. ಅವರಲ್ಲಿ ದೊಡ್ಡವರು ಗ್ವಿದೋ ಗಂಬೋನೆ. 1909ರಲ್ಲಿ ಒಳನಾಡಿನ ಮೊಂತೆಲ್ಲಾದಲ್ಲಿ ಹುಟ್ಟಿದವರು. ವಿಯೆತ್ರಿಯಲ್ಲಿ ಜರ್ಮನ್ನರ ಗೆರೆ ನೋಡುತ್ತ ಬೆಳೆದು ಆಮೇಲೆ ಅದನ್ನು ದಾಟಿ ಹೋದರು. ಒರಟು ಗ್ಲೇಜ್, ದಪ್ಪ ಆಕಾರ, ಅರೆ ಅಮೂರ್ತ ಚಿತ್ರ ಅವರ ಗುರುತು. ಯುದ್ಧದ ನಂತರ ಫ್ಲೋರೆನ್ಸಿಗೆ ಹೋಗಿ ದೇಶವಿದೇಶಗಳಲ್ಲಿ ಹೆಸರು ಮಾಡಿದರು. 1969ರಲ್ಲಿ ತೀರಿಕೊಂಡರು. ಹೊರಗಿನವರ ಪ್ರಭಾವ ಒಳ್ಳೆಯದಾಗಿತ್ತೋ ಇಲ್ಲವೋ ಎಂಬ ವಾದಕ್ಕೆ ಗಂಬೋನೆ ಕೆಲಸವೇ ಒಳ್ಳೆ ಉತ್ತರ. ನಕಲು ಮಾಡುವವರಷ್ಟೇ ಹುಟ್ಟಿದ್ದರೆ ಅದು ಬೇರೆ ಮಾತು.

1950ರ ದಶಕದಲ್ಲಿ ಸೊಲಿಮೆನೆ ಕುಟುಂಬ ತಮ್ಮ ಕಾರ್ಖಾನೆ ಕಟ್ಟಿಸಿತು. ವಿನ್ಯಾಸ ಪಾವೊಲೋ ಸೊಲೇರಿಯದು. ಅಮೆರಿಕದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಹತ್ತಿರ ಕಲಿತು ಬಂದಿದ್ದ ಯುವಕ, ಮುಂದೆ ಅರಿಜೋನಾದಲ್ಲಿ ಆರ್ಕೋಸಾಂತಿ ಎಂಬ ಊರನ್ನೇ ಕಟ್ಟಲು ಹೊರಟವರು. ತಲೆಕೆಳಗಾದ ಶಂಕುಗಳು ಸಾಲಾಗಿ ನಿಂತಂಥ ಗೋಡೆ, ಅದರ ಮೈಗೆ ಸಾವಿರಾರು ಮಡಕೆಗಳ ಬುಡ. ರಸ್ತೆಯಿಂದಲೇ ಕಾಣುತ್ತದೆ.

ನಡುವೆ ಒಂದು ದುರಂತವೂ ಆಯಿತು. 1954ರ ಅಕ್ಟೋಬರ್ 25ರ ರಾತ್ರಿ ಸುರಿದ ಮಳೆಗೆ ಸಲೆರ್ನೋ, ವಿಯೆತ್ರಿ, ಮಯೋರಿ ಸುತ್ತಮುತ್ತ 300ಕ್ಕೂ ಹೆಚ್ಚು ಜನ ಸತ್ತರು. ಗುಡ್ಡದಿಂದ ಕೊಚ್ಚಿ ಬಂದ ಮಣ್ಣು ಕಲ್ಲಿನಿಂದ ಮರೀನಾದ ಕಡಲ ದಂಡೆಯೇ ಮುಂದೆ ಸರಿಯಿತು. ಈಗ ಕೊಡೆ ಹಾಕಿ ಬಿಸಿಲು ಕಾಯಿಸುವ ಆ ಅಗಲವಾದ ದಂಡೆ ಡೋಲ್ಕರ್ ನೋಡಿದ ದಂಡೆ ಅಲ್ಲ.

ಈ ಕಲಾವಿದರ ಕೆಲಸ ಈಗ ಎಲ್ಲಿ ನೋಡಬಹುದು?

ರೈತೋದ ವಿಲ್ಲಾ ಗ್ವಾರಿಲ್ಯಾಗೆ ಹೋಗಿ. ರಾಯಭಾರಿ ರಫಾಯೆಲೆ ಗ್ವಾರಿಲ್ಯಾ ಅವರ ಮನೆ ಅದು. ಅದರ ಪಕ್ಕದ ಗೋಪುರದಂಥ ಕಟ್ಟಡದಲ್ಲಿ 1981ರಿಂದ ಸಲೆರ್ನೋ ಜಿಲ್ಲೆಯ ಸೆರಾಮಿಕ್ ಮ್ಯೂಸಿಯಂ ಇದೆ. ದೇವರ ಚಿತ್ರಗಳು, ಮನೆಬಳಕೆಯ ಪಾತ್ರೆಗಳು, ಜರ್ಮನ್ ಕಾಲದ ಕೆಲಸ ಎಲ್ಲ ಒಂದೇ ಕಡೆ ಸಿಗುತ್ತವೆ. ಮೊದಲು ಹಳೇ ಪಾತ್ರೆಗಳನ್ನು ನೋಡಿ, ಆಮೇಲೆ ಜರ್ಮನ್ನರ ಕೋಣೆಗೆ ಬನ್ನಿ. ಅವರು ಯಾವುದನ್ನು ಎರವಲು ಪಡೆದರು, ಯಾವುದನ್ನು ಹೊಸದಾಗಿ ತಂದರು ಅಂತ ಆಗ ಕಣ್ಣಿಗೇ ಗೊತ್ತಾಗುತ್ತದೆ. ತೆರೆದಿರುವ ಸಮಯ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ವಿಚಾರಿಸಿ.

ಹೋಗೋದು ಹೇಗೆ?

ನೇಪಲ್ಸಿನಿಂದ ಸಲೆರ್ನೋಗೆ ರೈಲು ಬೇಕಾದಷ್ಟಿವೆ. ಸಲೆರ್ನೋದಿಂದ ಬಸ್ಸು ಅಥವಾ ಲೋಕಲ್ ರೈಲು. ಸ್ಟೇಷನ್ ಹೆಸರು ವಿಯೆತ್ರಿ ಸುಲ್ ಮಾರೆ-ಅಮಾಲ್ಫಿ ಅಂತ ಇದ್ದರೂ ಅಮಾಲ್ಫಿ ಅಲ್ಲಿಂದ ದೂರ, ರೈಲೂ ಅಲ್ಲಿಗೆ ಹೋಗಲ್ಲ. ಹೆಸರು ನೋಡಿ ಮೋಸ ಹೋಗಬೇಡಿ. ಮೆಟ್ಟಿಲು ಹತ್ತುವ ಚಪ್ಪಲಿ ಇರಲಿ.

ಕೈಯಿಂದ ಬರೆದ ತಟ್ಟೆ ಅಂತ ಹೇಗೆ ಗುರುತಿಸುವುದು?

ಒಂದೇ ಚಿತ್ರದ ಎರಡು ತಟ್ಟೆ ಪಕ್ಕಪಕ್ಕ ಇಡಿ. ಗೆರೆ ಕೂದಲೆಳೆ ವ್ಯತ್ಯಾಸ ಇಲ್ಲದೆ ಒಂದೇ ಇದ್ದರೆ ಅದು ಅಚ್ಚು ಸ್ಟಿಕ್ಕರು. ಕೈ ಬರಹದಲ್ಲಿ ಕುಂಚ ಶುರುವಾದ ಕಡೆ ಬಣ್ಣ ದಪ್ಪ, ಮುಗಿದ ಕಡೆ ತೆಳು. ಹಿಂದೆ ತಿರುಗಿಸಿ ಕಾರ್ಖಾನೆಯ ಹೆಸರು, ಸಹಿ ನೋಡಿ. ಬುಡದಲ್ಲಿ ಗ್ಲೇಜ್ ಇಲ್ಲದ ಜಾಗ ಇದ್ದರೆ ಒಳಗಿನ ಕೆಂಪು ಮಣ್ಣು ಕಾಣಬೇಕು.

"ಡೋಲ್ಕರ್ ಕಾಲದ್ದು" ಅಂತ ಯಾರಾದರೂ ಸಂತೆಯಲ್ಲಿ ಮಾರಲು ಬಂದರೆ ಅನುಮಾನವೇ ಇರಲಿ. ಆ ಶೈಲಿಯನ್ನು ಊರೆಲ್ಲ ದಶಕಗಟ್ಟಲೆ ಬರೆದಿದೆ. ಒಳ್ಳೆ ಕೆಲಸವೂ ಇದೆ, ನಕಲೂ ಇದೆ. ತಿಳಿದವರಿಗೆ ತೋರಿಸದೆ ದೊಡ್ಡ ಮೊತ್ತ ಕೊಡಬೇಡಿ.

ಈ ತಟ್ಟೆಗಳು ಗೋಡೆಗೆ ಚೆನ್ನಾಗಿವೆ, ಊಟಕ್ಕೂ ಬಳಸಬಹುದೇ?

ಈಗ ಯುರೋಪಿನಲ್ಲಿ ಊಟಕ್ಕಾಗಿ ಮಾಡಿ ಮಾರುವ ಪಾತ್ರೆಗಳಿಗೆ ಸೀಸದ ಮಿತಿ ಇದೆ, ಅವನ್ನು ಬಳಸಬಹುದು. ಹಳೇ ಕಾಲದವು ಬೇಡ. ಹಳೇ ಗ್ಲೇಜಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಹುಳಿ ಪದಾರ್ಥ ತಾಗಿದರೆ ಅದು ಊಟಕ್ಕೆ ಇಳಿಯುತ್ತದೆ. ಸಾರು, ಗೊಜ್ಜು, ಮೊಸರು, ಉಪ್ಪಿನಕಾಯಿ, ನಿಂಬೆ ಶರಬತ್ತು ಯಾವುದನ್ನೂ ಅದರಲ್ಲಿ ಇಡಬೇಡಿ. ಅಲಂಕಾರದ ತಟ್ಟೆ ಅಂತ ಹಿಂದೆ ಬರೆದಿದ್ದರೆ ಹೊಸದಾದರೂ ಗೋಡೆಗೇ ಸರಿ. ಬಿರುಕು ಬಿಟ್ಟ ಮಯೋಲಿಕಾ ತಟ್ಟೆ ಮೈಕ್ರೋವೇವಿಗೂ ಬೇಡ: ಬಿರುಕಿನಲ್ಲಿ ನೀರು ಸೇರಿಕೊಂಡಿರುತ್ತದೆ, ಬಿಸಿಯಾದಾಗ ಗ್ಲೇಜ್ ಹಾರಿಬಿಡುತ್ತದೆ.